ಮನೆಯಲ್ಲೇ ನೈಜ ಪೆನ್ಸಿಲ್ ಚಿತ್ರ: ತಪ್ಪು ಹಿಡಿಯುವ ಕಣ್ಣು ಬೆಳೆಸಿಕೊಳ್ಳುವ ದಾರಿ

ಮುಂಬೈ ಕನ್ನಡಿಗರಲ್ಲಿ ಚಿತ್ರ ಬಿಡಿಸುವ ಆಸೆ ಇಟ್ಟುಕೊಂಡವರು ಬಹಳ ಮಂದಿ. ಡೊಂಬಿವಲಿಯಿಂದ ದಿನಾ ಫೋರ್ಟ್‌ಗೆ ಲೋಕಲ್ ಹಿಡಿಯುವವರಿದ್ದಾರೆ. ಮಕ್ಕಳು ಶಾಲೆಗೆ ಹೋದ ಮೇಲೆ ಒಂದು ಗಂಟೆ ಬಿಡುವು ಸಿಗುವವರಿದ್ದಾರೆ. ಬ್ಯಾಂಕ್ ಕೆಲಸದಿಂದ ನಿವೃತ್ತರಾಗಿ ಮಾಟುಂಗದಲ್ಲಿ ನೆಲೆಸಿದವರೂ ಇದ್ದಾರೆ. ಕ್ಲಾಸಿಗೆ ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆದುಹೋಗುವ ಊರು ಇದು. ಹಾಗಾಗಿ ಹೆಚ್ಚಿನವರು ಮೊಬೈಲಿನಲ್ಲಿ ವಿಡಿಯೊ ಹಾಕಿಕೊಂಡು ಮನೆಯಲ್ಲೇ ಶುರು ಮಾಡುತ್ತಾರೆ. ಸ್ವಲ್ಪ ಕಾಲ ಕಳೆದ ಮೇಲೆ ಎಲ್ಲರ ದೂರೂ ಒಂದೇ. “ಶೇಡಿಂಗ್ ಚೆನ್ನಾಗಿ ಬಂದಿದೆ, ಆದ್ರೆ ಅಮ್ಮನ ಮುಖ ಅಮ್ಮನ ಥರ ಕಾಣ್ತಿಲ್ಲ.”

ಪಾಠಕ್ಕೇನೂ ಈಗ ಕೊರತೆ ಇಲ್ಲ. ಮೂಗು ಹೇಗೆ, ಕೂದಲು ಹೇಗೆ, ಕಣ್ಣಿನ ಹೊಳಪು ಹೇಗೆ ಎಂದು ಬೇಕಾದಷ್ಟು ಜನ ಹೇಳಿಕೊಡುತ್ತಾರೆ. ಮನೆಯಲ್ಲಿ ಸಿಗದಿರುವುದು ಹಿಂದೆ ಬಂದು ನಿಲ್ಲುವ ಮೇಷ್ಟ್ರು. “ಎಡಗಣ್ಣು ಸ್ವಲ್ಪ ಮೇಲಾಯ್ತು ನೋಡು” ಅಂತ ಅವರು ಹೇಳುತ್ತಾರಲ್ವಾ, ಆ ಒಂದು ಮಾತಿನ ಬೆಲೆ ತುಂಬ ದೊಡ್ಡದು. ಒಬ್ಬರೇ ಕಲಿಯುವವರು ಆ ಮಾತನ್ನು ತಮಗೆ ತಾವೇ ಹೇಳಿಕೊಳ್ಳುವ ವ್ಯವಸ್ಥೆ ಮಾಡಿಕೊಳ್ಳಬೇಕು. ಅದು ಆಗದ ಕೆಲಸವೇನಲ್ಲ. ವಿನ್ಸೆಂಟ್ ವ್ಯಾನ್ ಗೋ ಚಿತ್ರಕಾರನಾಗುತ್ತೇನೆ ಎಂದು ಹೊರಟದ್ದು 1880ರಲ್ಲಿ, 27ನೇ ವಯಸ್ಸಿನಲ್ಲಿ. ಕಲಿಯುವವರಿಗಾಗಿ ಚಾರ್ಲ್ಸ್ ಬಾರ್ಗ್ ಮಾಡಿದ್ದ ಮಾದರಿ ಹಾಳೆಗಳನ್ನು ಅವನು ಮತ್ತೆ ಮತ್ತೆ ನಕಲು ಮಾಡಿದ. 1882ರಲ್ಲಿ ಅಳತೆ ಸರಿ ನೋಡಲು ದಾರ ಎಳೆದು ಕಟ್ಟಿದ ಒಂದು ಚೌಕಟ್ಟು ಮಾಡಿಸಿಕೊಂಡ. ಅವನ ಹೆಚ್ಚಿನ ಕಲಿಕೆ ಒಂಟಿಯಾಗಿಯೇ ನಡೆಯಿತು. ಆದರೆ ತಪ್ಪು ಹಿಡಿಯುವ ಉಪಾಯ ಅವನ ಬಳಿ ಇತ್ತು.

ಕಣ್ಣಿಗೆ ಕಾಣುವುದು ಒಂದು, ತಲೆ ಓದುವುದು ಇನ್ನೊಂದು

ಚಿತ್ರ ತಪ್ಪಿದರೆ ಎಲ್ಲರೂ ಕೈಯನ್ನು ಬೈದುಕೊಳ್ಳುತ್ತಾರೆ. ಕೈಯ ತಪ್ಪು ಅದರಲ್ಲಿ ಬಹಳ ಕಡಿಮೆ. ನೇರವಾಗಿ ನಿಮ್ಮ ಸಹಿ ಹಾಕಬಲ್ಲ ಕೈಗೆ ಒಂದು ಮೂಗಿನ ಗೆರೆ ಎಳೆಯುವ ಶಕ್ತಿ ಇದ್ದೇ ಇದೆ. ತೊಂದರೆ ಇರುವುದು ಮೆದುಳಿನಲ್ಲಿ.

ಬಚ್ಚಲುಮನೆಯ ಕನ್ನಡಿ ಬಿಸಿನೀರಿನ ಆವಿಗೆ ಮಸುಕಾದಾಗ ಒಂದು ಪರೀಕ್ಷೆ ಮಾಡಿ. ಒಂದು ಕಣ್ಣು ಮುಚ್ಚಿ, ಕನ್ನಡಿಯಲ್ಲಿ ಕಾಣುವ ನಿಮ್ಮ ತಲೆಯ ಸುತ್ತ ಬೆರಳಿನಿಂದ ಗೆರೆ ಎಳೆಯಿರಿ. ಆಮೇಲೆ ಅದನ್ನು ಅಳೆಯಿರಿ. ನಿಮ್ಮ ನಿಜವಾದ ತಲೆಯ ಅರ್ಧದಷ್ಟೇ ಇರುತ್ತದೆ. ಹಿಂದೆ ಸರಿದು ನಿಂತು ಎಳೆದರೂ ಅಷ್ಟೇ ಬರುತ್ತದೆ. ವರ್ಷಗಟ್ಟಲೆ ಕನ್ನಡಿ ನೋಡಿದ್ದೇವೆ, ಆದರೂ ಯಾರಿಗೂ ಇದು ಗೊತ್ತಾಗಿರುವುದಿಲ್ಲ. ಯಾಕೆಂದರೆ ಮೆದುಳು ಕಣ್ಣಿನಿಂದ ಬಂದ ಅಳತೆಯನ್ನು ತಿದ್ದಿ, “ಇದು ಒಂದು ಪೂರ್ತಿ ತಲೆ” ಎಂದು ನಮಗೆ ಒಪ್ಪಿಸುತ್ತದೆ. ಲೋಕಲ್ ಡಬ್ಬಿಯಲ್ಲಿ ಎರಡು ಮೀಟರ್ ದೂರ ಕೂತವರ ತಲೆ ಒಂದು ಮೀಟರ್ ದೂರದವರ ತಲೆಗಿಂತ ಕಣ್ಣಿಗೆ ಅರ್ಧದಷ್ಟು ಚಿಕ್ಕದಾಗಿ ಬೀಳುತ್ತದೆ. ನಮಗೆ ಹಾಗೆ ಅನ್ನಿಸುವುದೇ ಇಲ್ಲ.

ಬೆಳಕಿನ ವಿಷಯದಲ್ಲೂ ಹೀಗೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ದೃಷ್ಟಿ ವಿಜ್ಞಾನಿ ಎಡ್ವರ್ಡ್ ಅಡೆಲ್ಸನ್ 1995ರಲ್ಲಿ ಒಂದು ಚಿತ್ರ ಮಾಡಿದರು. ಚದುರಂಗದ ಹಾಸಿನಂಥ ಹಲಗೆ, ಅದರ ಮೇಲೆ ಒಂದು ಸಿಲಿಂಡರ್, ಸಿಲಿಂಡರಿನ ನೆರಳು ಹಾಸಿನ ಮೇಲೆ. ನೆರಳಿನೊಳಗಿನ ಒಂದು ‘ಬಿಳಿ’ ಚೌಕ, ನೆರಳಿನ ಹೊರಗಿನ ಒಂದು ‘ಕಪ್ಪು’ ಚೌಕ ಎರಡೂ ಒಂದೇ ಬೂದು ಬಣ್ಣ. ಪಕ್ಕದ ಚೌಕಗಳನ್ನು ಮುಚ್ಚಿ ನೋಡಿದರೆ ಮಾತ್ರ ನಂಬಿಕೆ ಬರುತ್ತದೆ. ಬಿಳಿ ಅಂಗಿಯ ಮಡಿಕೆಯನ್ನು ಹೊಸಬರು ಸಾಕಷ್ಟು ಕಪ್ಪು ಮಾಡದಿರುವುದಕ್ಕೆ ಇದೇ ಕಾರಣ. ಅಂಗಿ ಬಿಳಿ ಎಂದು ತಲೆಗೆ ಗೊತ್ತು. ನೆರಳಿನಲ್ಲಿರುವ ಬಿಳಿ ಅಂಗಿ, ಬೆಳಕಿನಲ್ಲಿರುವ ಬೂದು ಪ್ಯಾಂಟಿಗಿಂತ ಕಪ್ಪಾಗಿರಬಹುದು ಎಂದು ಒಪ್ಪಲು ಮನಸ್ಸು ಬರುವುದಿಲ್ಲ.

ಈ ತಿದ್ದುವಿಕೆ ಬದುಕಲು ಬೇಕೇ ಬೇಕು. ಅದಿಲ್ಲದಿದ್ದರೆ ರಸ್ತೆ ದಾಟುವುದೂ ಕಷ್ಟ. ಚಿತ್ರ ಬಿಡಿಸುವಾಗ ಮಾತ್ರ ಅದನ್ನು ಪಕ್ಕಕ್ಕೆ ಇಡಬೇಕು. ಸಂಕಲ್ಪ ಮಾಡಿದ ಮಾತ್ರಕ್ಕೆ ಅದು ಪಕ್ಕಕ್ಕೆ ಹೋಗುವುದಿಲ್ಲ. ಅದಕ್ಕೇ ಅಳತೆ ಬೇಕು.

ಮೊದಲು ಅಂದಾಜು, ಆಮೇಲೆ ಅಳತೆ

ಪೆನ್ಸಿಲ್ ಹಿಡಿದು ಕೈ ಚಾಚಿ, ಒಂದು ಕಣ್ಣು ಮುಚ್ಚಿ ಅಳೆಯುವ ಚಿತ್ರಕಾರರನ್ನು ನೋಡಿರುತ್ತೀರಿ. ಅದು ಶೋಕಿ ಅಲ್ಲ. ಮೊಣಕೈ ಪೂರ್ತಿ ನೇರ ಇರಬೇಕು. ಮಡಚಿದರೆ ಪೆನ್ಸಿಲ್ ಕಣ್ಣಿಗೆ ಹತ್ತಿರ ಬಂದು ಅಳತೆ ಬದಲಾಗುತ್ತದೆ. ಪೆನ್ಸಿಲಿನ ತುದಿಯನ್ನು ವಸ್ತುವಿನ ಒಂದು ಅಂಚಿಗೆ ಹೊಂದಿಸಿ, ಇನ್ನೊಂದು ಅಂಚು ಬರುವ ಜಾಗದಲ್ಲಿ ಹೆಬ್ಬೆರಳು ಇಡಿ. ಈಗ ಅಗಲ ಸಿಕ್ಕಿತು. ಅದೇ ಅಗಲ ಎತ್ತರದಲ್ಲಿ ಎಷ್ಟು ಸಲ ಕೂರುತ್ತದೆ ನೋಡಿ. ಇಂಚು, ಸೆಂಟಿಮೀಟರ್ ಬೇಡ. ಅಗಲಕ್ಕೆ ಎತ್ತರ ಒಂದೂವರೆ ಪಟ್ಟು ಎಂಬಂಥ ಸಂಬಂಧ ಸಿಕ್ಕರೆ ಸಾಕು.

ಇಲ್ಲಿ ಒಂದು ಕ್ರಮ ಇದೆ. ಇದನ್ನು ನಾನು ಎಲ್ಲಕ್ಕಿಂತ ಮುಖ್ಯ ಎಂದು ಎಣಿಸುತ್ತೇನೆ. ಮೊದಲು ಕಣ್ಣಂದಾಜಿನಲ್ಲಿ ತೆಳುವಾಗಿ ಬಿಡಿಸಿ, ಆಮೇಲೆ ಅಳೆಯಿರಿ. ಮೊದಲೇ ಅಳೆದು ಗುರುತು ಹಾಕಿ ಗೆರೆ ಜೋಡಿಸಿದರೆ ಚಿತ್ರ ಸರಿ ಬರುತ್ತದೆ, ಆದರೆ ಕಣ್ಣಿಗೆ ಏನೂ ತಿಳಿಯುವುದಿಲ್ಲ. ಅಂದಾಜು ಹಾಕಿ, ಅದು ಎಷ್ಟು ತಪ್ಪಿತು ಎಂದು ಕೂಡಲೇ ನೋಡಿದಾಗಲೇ ಕಣ್ಣು ತಿದ್ದಿಕೊಳ್ಳುವುದು. ಮೇಷ್ಟ್ರು ಮಾಡುತ್ತಿದ್ದ ಕೆಲಸವೂ ಇದೇ. ನಿಮ್ಮ ಅಂದಾಜಿಗೂ ನಿಜಕ್ಕೂ ಇರುವ ಅಂತರವನ್ನು ಅವರು ತೋರಿಸುತ್ತಿದ್ದರು.

ಅಡುಗೆಮನೆಯ ಸ್ಟೀಲ್ ಲೋಟವನ್ನೇ ತೆಗೆದುಕೊಳ್ಳಿ. ನಮ್ಮ ಮನೆಗಳಲ್ಲಿ ಇದಕ್ಕಿಂತ ಒಳ್ಳೆ ಪಾಠದ ವಸ್ತು ಇಲ್ಲ. ಲೋಟವನ್ನು ಮೇಜಿನ ಮೇಲಿಟ್ಟು ಎದುರು ಕೂರಿ. ಬಾಯಿ ದುಂಡಗಿದೆ ಎಂದು ಗೊತ್ತು, ಆದರೆ ಕಾಣುವುದು ಚಪ್ಪಟೆಯಾದ ಮೊಟ್ಟೆಯಾಕಾರ. ಚಿತ್ರಕಲೆಯಲ್ಲಿ ಇದನ್ನು ಎಲಿಪ್ಸ್ ಎನ್ನುತ್ತಾರೆ. ಲೋಟ ನಿಮ್ಮ ಕಣ್ಣಿನ ಮಟ್ಟಕ್ಕೆ ಬಂದರೆ ಬಾಯಿ ಒಂದು ಅಡ್ಡಗೆರೆ ಆಗಿಬಿಡುತ್ತದೆ. ಕೆಳಕ್ಕೆ ಇಳಿಸಿದಷ್ಟೂ ತೆರೆದುಕೊಳ್ಳುತ್ತದೆ. ಹಾಗಿದ್ದರೆ ಒಂದೇ ಲೋಟದಲ್ಲಿ ಬಾಯಿಯ ಎಲಿಪ್ಸ್‌ಗಿಂತ ತಳದ ಎಲಿಪ್ಸ್ ಜಾಸ್ತಿ ತೆರೆದಿರಬೇಕು, ಯಾಕೆಂದರೆ ತಳ ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ. ಹೊಸಬರು ಇದಕ್ಕೆ ತದ್ವಿರುದ್ಧ ಮಾಡುತ್ತಾರೆ. ಬಾಯಿಯನ್ನು ತುಂಬ ದುಂಡಗೆ ಬರೆದು, ತಳವನ್ನು ನೇರ ಗೆರೆಯಾಗಿ ಎಳೆಯುತ್ತಾರೆ. ಲೋಟ ಸಮತಟ್ಟಾದ ಮೇಜಿನ ಮೇಲೆ ಕೂತಿದೆ ಎಂದು ತಲೆಗೆ ಗೊತ್ತಲ್ವಾ, ಅದಕ್ಕೇ. ಇನ್ನೊಂದು ಸಾಮಾನ್ಯ ತಪ್ಪು ಎಲಿಪ್ಸ್‌ನ ಎರಡು ತುದಿಗಳನ್ನು ಚೂಪು ಮಾಡುವುದು. ಅಲ್ಲಿ ಮೂಲೆ ಇರುವುದೇ ಇಲ್ಲ, ಎಷ್ಟೇ ಚಪ್ಪಟೆ ಇದ್ದರೂ ಗೆರೆ ಸುತ್ತಿಕೊಂಡೇ ತಿರುಗುತ್ತದೆ. ಬಿಡಿಸಿದ ಲೋಟದ ನಡುವೆ ನೇರವಾಗಿ ಒಂದು ಗೆರೆ ಎಳೆಯಿರಿ. ಎಡ, ಬಲ ಎರಡೂ ಒಂದೇ ಅಳತೆ ಇರಬೇಕು. ಲೋಟ ಸರಿಯಾಗಿ ಬಂದ ಮೇಲೆ ಅದರ ಪಕ್ಕ ಡಬರಿ ಇಡಿ, ಆಮೇಲೆ ತಂಬಿಗೆ. ಮಹಾರಾಷ್ಟ್ರ ಸರ್ಕಾರದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗೆ ಕೂರುವ ಮಕ್ಕಳು ಮನೆಯಲ್ಲಿದ್ದರೆ ಅವರ ಜೊತೆಗೇ ಕೂರಿ. ಅವರೂ ಇಂಥ ವಸ್ತುಗಳನ್ನೇ ಬಿಡಿಸುತ್ತಿರುತ್ತಾರೆ.

ಓರೆಯನ್ನು ಅಳೆಯಲು ಗಡಿಯಾರದ ಮುಳ್ಳನ್ನು ನೆನೆಯಿರಿ. ಮೂಗಿನ ಗೆರೆ ಒಂದು ಗಂಟೆಯ ಕಡೆ ಇದೆಯೋ, ಎರಡು ಗಂಟೆಯ ಕಡೆಯೋ? ಪೆನ್ಸಿಲನ್ನು ಆ ಗೆರೆಯ ಮೇಲೆ ಹಿಡಿದು, ಓರೆ ಬದಲಾಗದಂತೆ ಹಾಗೇ ಕಾಗದದ ಮೇಲೆ ತನ್ನಿ. ನೇರ ನೋಡಲು ಒಂದು ದಾರಕ್ಕೆ ಬೀಗದ ಕೈ ಕಟ್ಟಿ ತೂಗು ಹಾಕಿ. ಕಣ್ಣಿನ ಒಳಮೂಲೆಯ ಕೆಳಗೆ ಮೂಗಿನ ಹೊಳ್ಳೆ ಬರುತ್ತದೋ, ಅದರ ಹೊರಗೆ ಬರುತ್ತದೋ ದಾರ ಹೇಳುತ್ತದೆ. ಖಾಲಿ ಜಾಗವನ್ನೂ ಬಳಸಿಕೊಳ್ಳಿ. ಕಪ್ಪಿನ ಹಿಡಿ ಬಿಡಿಸುವುದು ಕಷ್ಟವಾದರೆ ಹಿಡಿಯೊಳಗಿನ ತೂತಿನ ಆಕಾರ ಬಿಡಿಸಿ. ತೂತಿನ ಬಗ್ಗೆ ಮೆದುಳಿಗೆ ಮೊದಲೇ ಯಾವ ಅಭಿಪ್ರಾಯವೂ ಇಲ್ಲ, ಹಾಗಾಗಿ ಅದನ್ನು ಇದ್ದ ಹಾಗೆ ನೋಡುತ್ತದೆ.

ಇನ್ನೊಂದು ಮಾತು, ಇದನ್ನು ವಿಡಿಯೊಗಳಲ್ಲಿ ಅಪರೂಪಕ್ಕೆ ಹೇಳುತ್ತಾರೆ. ಕಾಗದವನ್ನು ಮೇಜಿನ ಮೇಲೆ ಮಲಗಿಸಿ ಬಿಡಿಸಬೇಡಿ. ಕಾಗದದ ಮೇಲ್ಭಾಗ ಕಣ್ಣಿನಿಂದ ದೂರ ಇರುತ್ತದೆ, ಓರೆಯಾಗಿ ಕಾಣುತ್ತದೆ, ಕುಗ್ಗಿದಂತೆ ಅನ್ನಿಸುತ್ತದೆ. ನಿಮಗೆ ಗೊತ್ತಿಲ್ಲದೆಯೇ ಅದನ್ನು ಸರಿದೂಗಿಸಲು ಉದ್ದ ಬಿಡಿಸುತ್ತೀರಿ. ಎತ್ತಿ ನೋಡಿದಾಗ ಹಣೆ ಉದ್ದ, ತಲೆ ಉದ್ದ. ಒಂದು ಪ್ಲೈವುಡ್ ಹಲಗೆಗೆ ಕ್ಲಿಪ್ ಹಾಕಿ, ಕೆಳಗೆ ಮಡಿಲು, ಮೇಲೆ ಮೇಜಿನ ಅಂಚು ಎಂದು ಆನಿಸಿಕೊಂಡರೆ ಈ ತೊಂದರೆ ಮುಗಿಯಿತು. ಒಂದು ರೂಮಿನ ಮನೆಯಲ್ಲೂ ಇದಕ್ಕೆ ಜಾಗ ಇದೆ.

ಒಂದೇ ದೀಪ

ಆಕಾರ ಸರಿ ಬಂದ ಮೇಲೆ ಚಿತ್ರಕ್ಕೆ ಉಬ್ಬು ತಗ್ಗು ಕೊಡುವುದು ನೆರಳು. ಮನೆಯಲ್ಲಿ ಟ್ಯೂಬ್‌ಲೈಟ್, ಎಲ್‌ಇಡಿ ಬಲ್ಬು, ಕಿಟಕಿ ಎಲ್ಲ ಒಟ್ಟಿಗೆ ಇದ್ದರೆ ನೆರಳು ನಾಲ್ಕು ಕಡೆ ಬಿದ್ದು ಆಕಾರ ಕಲಸಿಹೋಗುತ್ತದೆ. ಎಲ್ಲ ಆರಿಸಿ, ಒಂದೇ ಬೆಳಕು ಉಳಿಸಿ. ಹಗಲಾದರೆ ಕಿಟಕಿ, ರಾತ್ರಿಯಾದರೆ ಟೇಬಲ್ ಲ್ಯಾಂಪ್. ಬೆಳಕು ಪಕ್ಕದಿಂದ, ಸ್ವಲ್ಪ ಮೇಲಿನಿಂದ ಬೀಳಲಿ.

ಉತ್ತರದ ಕಿಟಕಿಯ ಬೆಳಕು ಒಳ್ಳೆಯದು ಎಂಬ ಮಾತು ಯುರೋಪಿನಿಂದ ಬಂದದ್ದು. ಅಲ್ಲಿ ಸೂರ್ಯ ನಡುಹಗಲಿನಲ್ಲಿ ಯಾವಾಗಲೂ ದಕ್ಷಿಣದಲ್ಲೇ ಇರುತ್ತಾನೆ, ಹಾಗಾಗಿ ಉತ್ತರದ ಕಿಟಕಿಗೆ ಸದಾ ತಣ್ಣನೆಯ, ಬದಲಾಗದ ಬೆಳಕು. ಮುಂಬೈ ಇರುವುದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ನಡುವಿನಿಂದ ಜುಲೈ ಕೊನೆಯ ತನಕ ಇಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಕೊಂಚ ಉತ್ತರಕ್ಕೇ ಸರಿದಿರುತ್ತಾನೆ. ಬೇಸಿಗೆಯ ಬೆಳಗ್ಗೆ, ಸಂಜೆ ಉತ್ತರದ ಕಿಟಕಿಗೂ ಬಿಸಿಲು ಬರುತ್ತದೆ. ಆದ್ದರಿಂದ ದಿಕ್ಕಿನ ಚಿಂತೆ ಬಿಟ್ಟು, ನೇರ ಬಿಸಿಲು ಬೀಳದ ಕಿಟಕಿ ನೋಡಿಕೊಳ್ಳಿ. ಬಿಸಿಲು ಬಂದರೆ ಬಿಳಿ ಪಂಚೆ ಅಡ್ಡ ಕಟ್ಟಿದರಾಯಿತು. ಮಳೆಗಾಲದ ಮೋಡದ ಬೆಳಕು ಮೃದುವಾಗಿರುತ್ತದೆ, ಮುಖಕ್ಕೆ ಬಹಳ ಚೆನ್ನ.

ಮೊದಲ ವಸ್ತು ಬಿಳಿಯದಾಗಿರಲಿ, ಹೊಳಪಿಲ್ಲದ್ದಾಗಿರಲಿ. ಮೊಟ್ಟೆ ತರದ ಮನೆಯಾದರೆ ಪಿಂಗ್‌ಪಾಂಗ್ ಚೆಂಡು ಸಾಕು. ಬಿಳಿ ಕಾಗದದ ಮೇಲೆ ಇಟ್ಟು ಸುಮ್ನೆ ಹತ್ತು ನಿಮಿಷ ನೋಡಿ. ಬೆಳಕು ನೇರವಾಗಿ ತಗಲುವ ಕಡೆ ಚೆಂಡು ಅತಿ ಬೆಳ್ಳಗಿದೆ. ಅಲ್ಲಿಂದ ನಿಧಾನವಾಗಿ ಕಂದುತ್ತಾ ಬಂದು, ಬೆಳಕು ತಲುಪದ ಜಾಗದಲ್ಲಿ ಒಂದು ಕಪ್ಪು ಪಟ್ಟಿಯಾಗುತ್ತದೆ. ಇದನ್ನು ಕೋರ್ ಶ್ಯಾಡೋ ಎನ್ನುತ್ತಾರೆ. ಚೆಂಡಿನ ಕೊನೆಯ ಅಂಚಿಗೆ ಬಂದಾಗ ನೆರಳು ಮತ್ತೆ ಸ್ವಲ್ಪ ತಿಳಿಯಾಗುತ್ತದೆ. ಕೆಳಗಿನ ಕಾಗದದಿಂದ ಪುಟಿದ ಬೆಳಕು ಅದು. ಚೆಂಡು ಕಾಗದದ ಮೇಲೆ ಚೆಲ್ಲಿದ ನೆರಳು ಬೇರೆ. ಅದು ಚೆಂಡಿನ ಹತ್ತಿರ ಗಾಢ, ಅಂಚು ಚೂಪು. ದೂರ ಹೋದಂತೆ ಅಂಚು ಮಸುಕು.

ಆ ಪುಟಿದ ಬೆಳಕನ್ನು ಎಲ್ಲರೂ ಜಾಸ್ತಿ ಬೆಳ್ಳಗೆ ಮಾಡುತ್ತಾರೆ. ಸುತ್ತಲಿನ ಕಪ್ಪಿನಿಂದಾಗಿ ಅದು ಹೊಳೆಯುವಂತೆ ಅನ್ನಿಸುತ್ತದೆ, ಅಡೆಲ್ಸನ್ ತೋರಿಸಿದ ಮೋಸವೇ ಇದು. ಇದಕ್ಕೆ ಸುಲಭದ ಮದ್ದು ಇದೆ. ಒಂದು ರಟ್ಟಿನಲ್ಲಿ ಪಂಚಿಂಗ್ ಮಷಿನ್‌ನಿಂದ ಎರಡು ತೂತು ಮಾಡಿ. ಒಂದರಲ್ಲಿ ಪುಟಿದ ಬೆಳಕು, ಇನ್ನೊಂದರಲ್ಲಿ ಬೆಳಕಿನ ಕಡೆಯ ಮಾಸಲು ಭಾಗ ಕಾಣುವಂತೆ ಹಿಡಿಯಿರಿ. ನೆರಳಿನೊಳಗಿನ ಅತಿ ತಿಳಿ ಜಾಗವೂ ಬೆಳಕಿನ ಕಡೆಯ ಅತಿ ಮಾಸಲು ಜಾಗಕ್ಕಿಂತ ಕಪ್ಪಾಗಿಯೇ ಇರುತ್ತದೆ. ಒಂದೇ ಬಣ್ಣದ, ಹೊಳಪಿಲ್ಲದ ವಸ್ತುವಿನಲ್ಲಿ ಈ ಒಂದು ನಿಯಮ ಕಾಪಾಡಿದರೆ ಚಿತ್ರಕ್ಕೆ ತಾನಾಗಿಯೇ ಗಟ್ಟಿತನ ಬರುತ್ತದೆ. ಕಣ್ಣನ್ನು ಅರೆಮುಚ್ಚಿ ನೋಡುವುದೂ ಇದಕ್ಕೇ. ಸಣ್ಣ ಸಣ್ಣ ವಿವರ ಮಾಯವಾಗಿ ಬೆಳಕು ಒಂದು ಗುಂಪು, ನೆರಳು ಒಂದು ಗುಂಪು ಎಂದು ಎರಡೇ ಉಳಿಯುತ್ತವೆ.

ಚೆಂಡಿನ ನಂತರ ಏನು? ಮುಂಬೈಯ ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಶುರುವಾದದ್ದು 1857ರಲ್ಲಿ. ಅಲ್ಲಿ ವಿದ್ಯಾರ್ಥಿಗಳು ಪ್ಲಾಸ್ಟರ್ ಮೂರ್ತಿಗಳನ್ನು ಎದುರಿಗಿಟ್ಟು ಬಿಡಿಸುತ್ತಿದ್ದರು. ಬಿಳಿ ಮೂರ್ತಿ ಅಲುಗಾಡುವುದಿಲ್ಲ, ಬಣ್ಣ ಇಲ್ಲ, ನೆರಳು ಬೆಳಕು ಮಾತ್ರ. ಮನೆಯಲ್ಲಿ ಅಂಥ ಮೂರ್ತಿ ಎಲ್ಲಿಂದ ತರುವುದು? ನಮಗೆ ಅದು ಸುಲಭ. ಚೌತಿಗೆ ಮುಂಚೆ ಲಾಲ್‌ಬಾಗ್, ಪರೇಲ್ ಕಡೆಯ ಕಾರ್ಖಾನೆಗಳಲ್ಲಿ, ರಾಯಗಡ ಜಿಲ್ಲೆಯ ಪೇಣ್‌ನಲ್ಲಿ ಬಣ್ಣ ಹಚ್ಚದ ಗಣಪತಿ ಸಾಲು ಸಾಲಾಗಿ ಇರುತ್ತವೆ. ಶಾಡೂ ಮಣ್ಣಿನ ಒಂದು ಚಿಕ್ಕ ಮೂರ್ತಿಯನ್ನು ಬಣ್ಣ ಹಚ್ಚಿಸದೆ ತೆಗೆದುಕೊಳ್ಳಿ. ಸೊಂಡಿಲಿನ ಸುತ್ತು, ಹೊಟ್ಟೆಯ ಉಬ್ಬು, ಬೆರಳು, ವಸ್ತ್ರದ ಮಡಿಕೆ ಎಲ್ಲ ಒಂದೇ ಬಣ್ಣದಲ್ಲಿ ಸಿಗುತ್ತವೆ. ವರ್ಷವಿಡೀ ಬಿಡಿಸಿದರೂ ಮುಗಿಯದಷ್ಟು ಪಾಠ ಅದರಲ್ಲಿದೆ.

ಸ್ಟೀಲ್ ಲೋಟಕ್ಕೆ ನೆರಳು ಹಾಕುವುದನ್ನು ಕೊನೆಗೆ ಇಟ್ಟುಕೊಳ್ಳಿ. ಹೊಳೆಯುವ ವಸ್ತುವಿಗೆ ತನ್ನದೇ ಆದ ನೆರಳು ಬಹಳ ಕಡಿಮೆ, ಅದು ಸುತ್ತಲಿನ ಕೋಣೆಯನ್ನು ಹಿಂಡಿ ತೋರಿಸುತ್ತದೆ. ಅಲ್ಲಿ ಅತಿ ಕಪ್ಪು, ಅತಿ ಬಿಳುಪು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಯವಾಗಿ ತಿಕ್ಕಿ ಹರಡಿದರೆ ಸ್ಟೀಲ್ ಹೋಗಿ ಪ್ಲಾಸ್ಟಿಕ್ ಆಗುತ್ತದೆ.

ಪೆನ್ಸಿಲ್, ಕಾಗದ, ಮಳೆ

ಪೆನ್ಸಿಲ್ ವಿಷಯದಲ್ಲಿ ಜನ ಅನಗತ್ಯವಾಗಿ ಹಣ ಸುರಿಯುತ್ತಾರೆ. ಪೆನ್ಸಿಲ್ ಕಡ್ಡಿ ಎಂದರೆ ಗ್ರಾಫೈಟ್ ಪುಡಿ ಮತ್ತು ಜೇಡಿಮಣ್ಣು ಕಲಸಿ ಸುಟ್ಟದ್ದು. ಇಂಗ್ಲೆಂಡಿನ ಜೊತೆ ಯುದ್ಧ ನಡೆದು ಒಳ್ಳೆ ಗ್ರಾಫೈಟ್ ಸಿಗದಾದಾಗ ಫ್ರಾನ್ಸಿನ ನಿಕೊಲಾ ಜಾಕ್ ಕೊಂಟೆ 1795ರಲ್ಲಿ ಕಂಡುಕೊಂಡ ವಿಧಾನ ಇದು. ಮಣ್ಣು ಹೆಚ್ಚಾದರೆ ಕಡ್ಡಿ ಗಟ್ಟಿ, ಗೆರೆ ತಿಳಿ. ಅವು ಎಚ್ ಸಾಲಿನವು. ಗ್ರಾಫೈಟ್ ಹೆಚ್ಚಾದರೆ ಮೃದು, ಗೆರೆ ಕಪ್ಪು. ಅವು ಬಿ ಸಾಲಿನವು. ಎಚ್‌ಬಿ, 2ಬಿ, 4ಬಿ, 6ಬಿ, ಜೊತೆಗೆ ಒಂದು 2ಎಚ್ ಇದ್ದರೆ ಧಾರಾಳ. ಅಪ್ಸರಾ, ಕ್ಯಾಮ್ಲಿನ್ ಯಾವುದಾದರೂ ಆದೀತು. ತುದಿಯನ್ನು ಬ್ಲೇಡಿನಿಂದ ಉದ್ದಕ್ಕೆ ಕೆತ್ತಿಕೊಳ್ಳಿ. ಪಕ್ಕದಿಂದ ಅಗಲ ನೆರಳು, ಮೊನೆಯಿಂದ ಸಣ್ಣ ಗೆರೆ ಎರಡೂ ಬರುತ್ತವೆ. ಒಂದು ನೀಡೆಡ್ ರಬ್ಬರ್ ಕೊಳ್ಳಿ. ಹಿಟ್ಟಿನ ಉಂಡೆಯಂತೆ ನಾದಿ, ಒತ್ತಿ ಎತ್ತಿದರೆ ಗ್ರಾಫೈಟ್ ಮೆಲ್ಲಗೆ ಎದ್ದು ಬರುತ್ತದೆ. ಅದು ಅಳಿಸುವುದಕ್ಕಿಂತ ಜಾಸ್ತಿ, ಬೆಳಕು ‘ಬಿಡಿಸಲು’ ಉಪಯೋಗ.

ಗ್ರಾಫೈಟ್ ಹೊಳೆಯುತ್ತದೆ ಎಂದು ಬೇಸರಪಡುವವರಿದ್ದಾರೆ. ಗ್ರಾಫೈಟ್ ಪದರ ಪದರವಾಗಿರುವ ಇಂಗಾಲ. ಜೋರಾಗಿ ಒತ್ತಿದರೆ ಆ ಪದರಗಳು ಕಾಗದದ ಮೇಲೆ ಚಪ್ಪಟೆಯಾಗಿ ಮಲಗಿ ಕನ್ನಡಿಯಂತೆ ಬೆಳಕು ಹೊಡೆಯುತ್ತವೆ. ಕಪ್ಪು ಬೇಕೆಂದು ಎಚ್‌ಬಿಯನ್ನು ಒತ್ತಬೇಡಿ, ಮೃದು ಪೆನ್ಸಿಲ್ ತೆಗೆದುಕೊಂಡು ಹಗುರ ಕೈಯಲ್ಲಿ ಮೂರು ನಾಲ್ಕು ಪದರ ಹಾಕಿ. ಬೆರಳಿನಿಂದ ಉಜ್ಜುವುದು ಬೇಡ. ಚರ್ಮದ ಎಣ್ಣೆ ಕಾಗದಕ್ಕೆ ಹತ್ತಿ ಕಲೆ ಉಳಿಯುತ್ತದೆ. ಉಜ್ಜಲೇಬೇಕಾದರೆ ಕಾಗದದ ಸುರುಳಿ ಬಳಸಿ, ಅದೂ ಕಡಿಮೆ. ಎಲ್ಲ ಕಡೆ ಉಜ್ಜಿದ ಚಿತ್ರದಲ್ಲಿ ಚರ್ಮ, ಬಟ್ಟೆ, ಗೋಡೆ ಎಲ್ಲ ಒಂದೇ ಥರ ಹೊಗೆಯಾಗಿ ಕಾಣುತ್ತವೆ.

ಹಣ ಹಾಕುವುದಾದರೆ ಕಾಗದಕ್ಕೆ ಹಾಕಿ. ಪ್ರಿಂಟರ್ ಕಾಗದ 70–80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಇರುತ್ತದೆ, ಎರಡು ಪದರಕ್ಕೇ ಸೋಲುತ್ತದೆ. 150ರಿಂದ 200 ಜಿಎಸ್‌ಎಂನ ಕಾರ್ಟ್ರಿಜ್ ಕಾಗದ ಒಳ್ಳೆಯದು. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟ್ ಕಡೆ ಹೋದರೆ ಕಾಗದ ಮುಟ್ಟಿ ನೋಡಿ ತರಬಹುದು.

ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಬೈ ಗಾಳಿಯ ತೇವವನ್ನು ಕಾಗದ ಹೀರಿಕೊಳ್ಳುತ್ತದೆ. ನಾರು ಮೆತ್ತಗಾಗುತ್ತದೆ. ಗಟ್ಟಿ ಪೆನ್ಸಿಲ್ ಗೀರಿ ಹಳ್ಳ ಮಾಡುತ್ತದೆ, ರಬ್ಬರ್ ಹಾಕಿದರೆ ನಾರು ಎದ್ದು ನಿಲ್ಲುತ್ತದೆ. ಮಾರ್ಚ್‌ನಲ್ಲಿ ಸರಿ ಬಂದ ಶೇಡಿಂಗ್ ಜುಲೈನಲ್ಲಿ ಕಲೆ ಕಲೆ ಆದರೆ ಕೈಯನ್ನು ಅನುಮಾನಿಸಬೇಡಿ. ಪ್ಯಾಡನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಬೇಕಾದಾಗ ಒಂದೊಂದೇ ಹಾಳೆ ತೆಗೆಯಿರಿ. ಅಂಗೈ ಕೆಳಗೆ ಇನ್ನೊಂದು ಕಾಗದ ಇರಲಿ, ಬೆವರು ಹತ್ತಬಾರದು.

ಫೋಟೊ, ಗ್ರಿಡ್, ಮುಖ

ಫೋಟೊ ನೋಡಿ ಬಿಡಿಸುವುದು ತಪ್ಪೇನಲ್ಲ. ಆದರೆ ಲೋಟ, ಚೆಂಡು, ಮೂರ್ತಿ ಬಿಡಿಸಿದ ಮೇಲೆ ಫೋಟೊಕ್ಕೆ ಬನ್ನಿ. ಫೋಟೊದಲ್ಲಿ ನೆರಳು ಅನೇಕ ಸಲ ಬರೀ ಕಪ್ಪಾಗಿ ಮುಚ್ಚಿಹೋಗಿರುತ್ತದೆ. ಅಲ್ಲಿ ನಿಜಕ್ಕೂ ಏನಿತ್ತು ಎಂದು ತಿಳಿಯಲು ನಿಜವಾದ ವಸ್ತುವನ್ನು ಎದುರಿಗಿಟ್ಟು ನೋಡಿದ ಅನುಭವ ಬೇಕು. ಮುಖದ ಫೋಟೊವನ್ನು ಹತ್ತಿರದಿಂದ ತೆಗೆಯಬೇಡಿ. ಕೈಯಳತೆಯ ಸೆಲ್ಫಿಯಲ್ಲಿ ಮೂಗು ಕ್ಯಾಮೆರಾಕ್ಕೆ ಹತ್ತಿರ, ಕಿವಿ ದೂರ. ಹಾಗಾಗಿ ಮೂಗು ಊದಿ, ಕಿವಿ ಹಿಂದೆ ಸರಿಯುತ್ತದೆ. ಒಂದೂವರೆ, ಎರಡು ಮೀಟರ್ ದೂರ ನಿಂತು ಜೂಮ್ ಮಾಡಿ ತೆಗೆದರೆ ಅವರು ಅವರ ಥರ ಕಾಣುತ್ತಾರೆ. ಅಮ್ಮನ ಮುಖ ಅಮ್ಮನ ಥರ ಕಾಣದ ದೂರಿನ ಒಂದು ಕಾರಣ ಇಲ್ಲೇ ಇರುತ್ತದೆ.

ಗ್ರಿಡ್ ಬಗ್ಗೆ ಜಗಳ ಇದೆ. ಫೋಟೊ ಮೇಲೆ ಚೌಕ ಎಳೆದು, ಕಾಗದದಲ್ಲೂ ಅದೇ ಚೌಕ ಎಳೆದು ಒಂದೊಂದನ್ನೇ ತುಂಬುವ ವಿಧಾನ. ಕೆಲವರು ಇದನ್ನು ಮೋಸ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆದರೆ ಎರಡು ಸೆಂಟಿಮೀಟರ್ ಚೌಕಗಳಲ್ಲೇ ವರ್ಷ ಕಳೆದರೆ ಚೌಕ ತೆಗೆದ ದಿನ ಕೈ ನಿಂತುಹೋಗುತ್ತದೆ. ಚೌಕಗಳನ್ನು ದೊಡ್ಡದು ಮಾಡುತ್ತಾ ಬನ್ನಿ. ಮೊದಲು ಹದಿನಾರು ಚೌಕ, ಆಮೇಲೆ ನಾಲ್ಕು, ಆಮೇಲೆ ಅಡ್ಡ ಒಂದು, ಉದ್ದ ಒಂದು ಗೆರೆ ಮಾತ್ರ. ಇನ್ನೂ ಒಳ್ಳೆಯದು ಗ್ರಿಡ್ ಅನ್ನು ಪರೀಕ್ಷೆಗೆ ಬಳಸುವುದು. ಗ್ರಿಡ್ ಇಲ್ಲದೆ ಬಿಡಿಸಿ, ಮುಗಿದ ಮೇಲೆ ಎರಡರ ಮೇಲೂ ಚೌಕ ಹಾಕಿ ನೋಡಿ.

ಮುಖದಲ್ಲಿ ಎಲ್ಲರೂ ಮಾಡುವ ದೊಡ್ಡ ತಪ್ಪು ಕಣ್ಣನ್ನು ಮೇಲೆ ಇಡುವುದು. ನೆತ್ತಿಯಿಂದ ಗಲ್ಲದವರೆಗಿನ ಎತ್ತರದಲ್ಲಿ ಕಣ್ಣು ಸರಿಸುಮಾರು ಅರ್ಧಕ್ಕೆ ಬರುತ್ತದೆ. ನಮ್ಮ ಗಮನವೆಲ್ಲ ಕಣ್ಣು, ಮೂಗು, ಬಾಯಿ ಮೇಲೆ ಇರುವುದರಿಂದ ಅವು ದೊಡ್ಡದಾಗಿ, ಹಣೆ ಮತ್ತು ತಲೆಬುರುಡೆ ಚಿಕ್ಕದಾಗಿ ಬಿಡುತ್ತವೆ. ಎದುರಿನಿಂದ ನೋಡಿದರೆ ತಲೆಯ ಅಗಲ ಸುಮಾರು ಐದು ಕಣ್ಣಿನಷ್ಟು. ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ಬುಡದವರೆಗೆ. ಇವು ಸರಾಸರಿ ಅಳತೆಗಳು, ಯಾರ ಮುಖವೂ ಹೀಗೇ ಇರುವುದಿಲ್ಲ. ಹೋಲಿಕೆ ಹುಟ್ಟುವುದು ಅವರ ಮುಖ ಈ ಸರಾಸರಿಯಿಂದ ಎಲ್ಲಿ, ಎಷ್ಟು ದೂರ ಹೋಗಿದೆ ಎಂಬುದರಲ್ಲಿ. ಹಾಗಾಗಿ ರೆಪ್ಪೆಗೂದಲಿಗೆ ಕೈ ಹಾಕುವ ಮೊದಲು ತಲೆಯ ಆಕಾರ, ಕಣ್ಣುಗಳ ಓರೆ, ಮೂಗಿನ ಕೆಳಗಿನ ನೆರಳಿನ ಆಕಾರ ಸರಿ ಇದೆಯೇ ನೋಡಿ. ಲೋಕಲ್ ನಿಲ್ದಾಣದಲ್ಲಿ ದೂರದಿಂದ ಪರಿಚಿತರನ್ನು ಗುರುತಿಸುತ್ತೇವಲ್ವಾ, ರೆಪ್ಪೆ ನೋಡಿ ಅಲ್ಲ. ಕೂದಲನ್ನೂ ಎಳೆ ಎಳೆಯಾಗಿ ಶುರು ಮಾಡಬೇಡಿ. ಮೊದಲು ಅದು ಒಂದು ಗಾತ್ರ. ಅದಕ್ಕೂ ಚೆಂಡಿನಂತೆ ಬೆಳಕಿನ ಕಡೆ, ನೆರಳಿನ ಕಡೆ ಇದೆ. ಅದು ಬಂದ ಮೇಲೆ ಅಂಚಿನಲ್ಲಿ ಹತ್ತಾರು ಎಳೆ ಸಾಕು.

ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದು ಜೆ.ಜೆ.ಯಲ್ಲಿ ಕಲಿತು, 1940ರಿಂದ 1945ರವರೆಗೆ ಅಲ್ಲೇ ಕಲಿಸಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ. ಕೆಲವೇ ಗೆರೆಗಳಲ್ಲಿ ಕುಣಿಯುವ ಮೈ ಬಂದುಬಿಟ್ಟಿದೆ. ಅವು ನೈಜ ಶೈಲಿಯ ಚಿತ್ರಗಳಲ್ಲ. ಆದರೆ ನೈಜ ಚಿತ್ರ ಕಲಿಯುವವರಿಗೆ ಅಲ್ಲಿ ದೊಡ್ಡ ಪಾಠ ಇದೆ. ಒಟ್ಟು ನಿಲುವು ಹಿಡಿದಿದ್ದರೆ ವಿವರ ಇಲ್ಲದೆಯೂ ಚಿತ್ರ ನಿಲ್ಲುತ್ತದೆ.

ನಿಮ್ಮ ಚಿತ್ರಕ್ಕೆ ನೀವೇ ಮೇಷ್ಟ್ರು

ಒಂದು ಗಂಟೆ ಒಂದೇ ಚಿತ್ರ ನೋಡಿದ ಕಣ್ಣು ಅದರ ತಪ್ಪಿಗೆ ಒಗ್ಗಿಕೊಳ್ಳುತ್ತದೆ. ಹಾಗಾಗಿ ಚಿತ್ರವನ್ನು ಅಪರಿಚಿತ ಮಾಡಬೇಕು. ಸುಲಭದ ದಾರಿ ಕನ್ನಡಿ. ಚಿತ್ರವನ್ನು ಕನ್ನಡಿಗೆ ಹಿಡಿದರೆ ಓರೆಯಾದ ಬಾಯಿ, ಇಳಿದ ಕಣ್ಣು ತಟ್ಟನೆ ಕಾಣುತ್ತದೆ. ಎರಡನೆಯದು ಚಿತ್ರ, ಫೋಟೊ ಎರಡನ್ನೂ ತಲೆಕೆಳಗೆ ಮಾಡುವುದು. ಆಗ ಅದು ಮುಖವಾಗಿ ಉಳಿಯುವುದಿಲ್ಲ, ಬರೀ ಆಕಾರಗಳು. ಫೋಟೊವನ್ನೇ ತಲೆಕೆಳಗಿಟ್ಟು ಬಿಡಿಸುವುದೂ ಒಳ್ಳೆ ಅಭ್ಯಾಸ. ಮೂರನೆಯದು ಮೊಬೈಲ್. ಚಿತ್ರದ ಫೋಟೊ ತೆಗೆದು ಮೂಲ ಫೋಟೊದ ಅಳತೆಗೆ ಹೊಂದಿಸಿ, ಗ್ಯಾಲರಿಯಲ್ಲಿ ಒಂದಾದ ಮೇಲೊಂದು ಸರಿಸಿ ನೋಡಿ. ತಪ್ಪಿದ ಭಾಗ ಜಿಗಿಯುತ್ತದೆ. ಎರಡನ್ನೂ ಕಪ್ಪುಬಿಳುಪು ಮಾಡಿ ಚಿಕ್ಕದಾಗಿ ಅಕ್ಕಪಕ್ಕ ಇಟ್ಟರೆ ನೆರಳು ಎಲ್ಲಿ ಸಾಲದು ಎಂದು ಗೊತ್ತಾಗುತ್ತದೆ. ಇನ್ನೂ ನಿಖರ ಬೇಕಿದ್ದರೆ ಟ್ರೇಸಿಂಗ್ ಕಾಗದದಲ್ಲಿ ಮೂಲದ ಮುಖ್ಯ ಗೆರೆಗಳನ್ನು ಎತ್ತಿ ನಿಮ್ಮ ಚಿತ್ರದ ಮೇಲೆ ಹಾಸಿ. ಬಿಡಿಸುವ ಮೊದಲು ಟ್ರೇಸ್ ಮಾಡಬೇಡಿ, ಬಿಡಿಸಿದ ಮೇಲೆ ಮಾಡಿ.

ಸಿಕ್ಕ ತಪ್ಪನ್ನು ಹಾಳೆಯ ಹಿಂಬದಿಯಲ್ಲಿ ಬರೆದಿಡಿ. “ಕಣ್ಣು ಮೇಲೆ, ಬಲಗಡೆ ಅಗಲ ಜಾಸ್ತಿ” ಎಂದು ಎರಡು ಸಾಲು. ಹತ್ತು ಚಿತ್ರ ಆಗುವಾಗ ಅದೇ ಎರಡು ಮೂರು ತಪ್ಪು ಮತ್ತೆ ಮತ್ತೆ ಬರುತ್ತಿರುವುದು ಕಾಣುತ್ತದೆ. ಪ್ರತಿಯೊಬ್ಬರಿಗೂ ತಮ್ಮದೇ ಒಲವು ಇರುತ್ತದೆ. ಕೆಲವರಿಗೆ ಎಲ್ಲವೂ ಎಡಕ್ಕೆ ವಾಲುತ್ತದೆ, ಕೆಲವರಿಗೆ ಎಲ್ಲವೂ ಉದ್ದ ಆಗುತ್ತದೆ. ಅದು ಗೊತ್ತಾದ ಮೇಲೆ ಚಿತ್ರ ಶುರುವಾದ ಐದನೇ ನಿಮಿಷಕ್ಕೇ ಅಲ್ಲಿ ಅಳೆದು ನೋಡಬಹುದು. ತಪ್ಪನ್ನು ಶೇಡಿಂಗ್ ಮುಗಿದ ಮೇಲೆ ಹಿಡಿದರೆ ತಿದ್ದಲು ಮನಸ್ಸೇ ಬರುವುದಿಲ್ಲ.

ಬಿಡುವಿದ್ದಾಗ ಕಾಲಾ ಘೋಡಾಕ್ಕೆ ಹೋಗಿ ಬನ್ನಿ. 1952ರಲ್ಲಿ ತೆರೆದ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಪ್ರವೇಶ ಉಚಿತ. ಪೆನ್ಸಿಲ್ ಕೆಲಸ ಕಂಡರೆ ಹತ್ತಿರ ಹೋಗಿ ಪಕ್ಕದಿಂದ ನೋಡಿ. ಎಷ್ಟು ಪದರ ಇದೆ, ಎಲ್ಲಿ ಕಾಗದವನ್ನು ಹಾಗೇ ಬಿಟ್ಟಿದ್ದಾರೆ ಎಂಬುದು ಮೊಬೈಲ್ ಪರದೆಯಲ್ಲಿ ಕಾಣುವುದಿಲ್ಲ. ಹೊರಗೆ ಫುಟ್‌ಪಾತ್‌ನಲ್ಲಿ ಎದುರು ಕೂತವರ ಮುಖ ಬಿಡಿಸುವ ಕಲಾವಿದರಿದ್ದಾರೆ. ಅವರ ಮೊದಲ ಎರಡು ನಿಮಿಷ ನೋಡಿ. ಯಾರೂ ಕಣ್ಣಿನ ರೆಪ್ಪೆಯಿಂದ ಶುರು ಮಾಡುವುದಿಲ್ಲ.

ಹಳೆಯ ಚಿತ್ರಗಳನ್ನು ಹರಿದು ಎಸೆಯಬೇಡಿ, ದಿನಾಂಕ ಹಾಕಿ ಇಡಿ. ಅದೇ ಲೋಟ, ಅದೇ ಚೆಂಡು, ಅದೇ ಗಣಪತಿಯನ್ನು ಮೂರು ತಿಂಗಳಿಗೊಮ್ಮೆ ಮತ್ತೆ ಬಿಡಿಸಿ ಹಳೆಯದರ ಪಕ್ಕ ಇಟ್ಟು ನೋಡಿ. ಹೊಸ ಹೊಸ ವಸ್ತು ಬಿಡಿಸುತ್ತಾ ಹೋದರೆ ಮುಂದೆ ಬಂದಿದ್ದೀರೋ ಇಲ್ಲವೋ ತಿಳಿಯುವುದು ಕಷ್ಟ, ಒಂದೇ ವಸ್ತುವಾದರೆ ಅಳತೆ ಸುಲಭ. ಇಟ್ಟುಕೊಳ್ಳುವ ಚಿತ್ರಕ್ಕೆ ಫಿಕ್ಸೇಟಿವ್ (ಗ್ರಾಫೈಟ್ ಅಳಿಸಿಹೋಗದಂತೆ ಹಿಡಿದಿಡುವ ಸ್ಪ್ರೇ) ಹೊಡೆಯುವುದಾದರೆ ಕಿಟಕಿ ತೆರೆದಿಟ್ಟು, ಒಂದಡಿ ದೂರದಿಂದ, ಮಳೆ ಇಲ್ಲದ ದಿನ ತೆಳುವಾಗಿ ಎರಡು ಸಲ ಹೊಡೆಯಿರಿ. ಹೊಡೆದ ಮೇಲೆ ರಬ್ಬರ್ ಸರಿಯಾಗಿ ಕೆಲಸ ಮಾಡುವುದಿಲ್ಲ, ತಿದ್ದುವುದಿದ್ದರೆ ಮೊದಲೇ ತಿದ್ದಿ. ಪೂರ್ತಿ ಒಣಗಿದ ಮೇಲೆ ನಡುವೆ ಬಟರ್ ಪೇಪರ್ ಹಾಕಿ ಎರಡು ರಟ್ಟಿನ ಮಧ್ಯೆ ಮಲಗಿಸಿಡಿ. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಮಾತ್ರ ಇಡಬೇಡಿ, ಮಳೆಗಾಲದಲ್ಲಿ ಆ ಗೋಡೆಯ ತೇವಕ್ಕೆ ಕಾಗದದ ಮೇಲೆ ಬೂಸ್ಟು ಬರುತ್ತದೆ.